ಟ್ಯೂರಿನ್‌ನಲ್ಲಿ ಬೈ ಟು

ಮೊದಲು ಬರೆದದ್ದು

ಇಟಲಿಯಿಂದ ಬಂದ ಕೆಲವೇ ದಿನಗಳಲ್ಲಿ ಈ ಪ್ರವಾಸದ ಬಗ್ಗೆ ಒಂದು ಬರಹ ಬರೆದು ಮುಗಿಸಿದ್ದೆ. ಟ್ಯೂರಿನ್ ಊರಿನ ಉದ್ದುದ್ದ ಕಮಾನು ಸಾಲುಗಳು, ಹಿತ್ತಾಳೆ ಯಂತ್ರಗಳು, ಬೀದಿಗೆ ಬೀದಿಯೇ ಕಾಫಿಯ ಪರಿಮಳದಲ್ಲಿ ಮುಳುಗಿದ್ದ ಬೆಳಗು, ಎಲ್ಲ ಅದರಲ್ಲಿತ್ತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಅದನ್ನು ಗಿರಿಜಕ್ಕನಿಗೆ ಓದಿ ಹೇಳಿದೆ. ಗಿರಿಜಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಮನೆಯಿಂದ ಆ ಪ್ರವಾಸ ಹೋದದ್ದು ನಾವಿಬ್ಬರೇ. ಅವಳು ಫಿಲ್ಟರಿನ ತೂತುಗಳನ್ನು ಉಜ್ಜುತ್ತಾ ಕೊನೆಯವರೆಗೂ ಕೇಳಿದಳು.

"ಮುಗೀತಾ?"

"ಮುಗೀತಕ್ಕ."

"ಚೆನ್ನಾಗದೆ. ಆದ್ರೆ ಇದು ನೀನು ಹೋದ ಊರು ಕಣೇ ಉಮಾ. ನಾನು ಹೋಗಿದ್ದು ಬೇರೆ ಊರು."

ನನಗೆ ಕೂಡಲೇ ಅರ್ಥವಾಯಿತು. ಇಟಲಿಗೆ ಹೋಗುವ ಮೊದಲೇ ಅವಳಿಗೆ ಒಂದು ಜ್ವರ ಬಂದು ಹೋಗಿತ್ತು. ಹೋಗುವಾಗ ಮೂಗಿನ ಶಕ್ತಿಯನ್ನೂ ಕೊಂಡೊಯ್ದಿತು. ಮಲ್ಲಿಗೆ, ಸೀಮೆಎಣ್ಣೆ, ಒಗ್ಗರಣೆ, ಯಾವುದೂ ಅವಳಿಗೆ ಬರುವುದಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಕಹಿ, ಸಿಹಿ ತಿಳಿಯುತ್ತದೆ, ಅಷ್ಟೇ. ಕಹಿಯಾದದ್ದು ಕಾಫಿಯೋ ಕಷಾಯವೋ ಎಂದು ತಿಳಿಯಬೇಕಾದರೆ ಕಣ್ಣು ಬಿಟ್ಟು ನೋಡಬೇಕು. ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ.

ನಾನು ಬರೆದ ಟ್ಯೂರಿನ್ನಿನಲ್ಲಿ ಅರ್ಧಕ್ಕರ್ಧ ಪರಿಮಳವೇ ತುಂಬಿತ್ತು. ಅವಳು ನೋಡಿದ ಟ್ಯೂರಿನ್ನಿನಲ್ಲಿ ಅದು ಒಂದು ಹನಿಯೂ ಇರಲಿಲ್ಲ. ಇಬ್ಬರೂ ಒಂದೇ ಬೀದಿಯಲ್ಲಿ ನಡೆದೆವು ಎಂದು ನಾನು ಹೇಗೆ ಬರೆಯಲಿ?

ಆದ್ದರಿಂದ ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಈ ಬರಹದಲ್ಲಿ ಇಟಲಿಯ ಯಾವ ವಾಸನೆಯೂ ಇರುವುದಿಲ್ಲ. ಎಲ್ಲಾದರೂ ನುಸುಳಿದ್ದರೆ ಅದು ನನ್ನ ಕೈತಪ್ಪು. ಬರೆದದ್ದನ್ನು ಬರೆದಂತೆ ಅವಳಿಗೆ ಓದುತ್ತೇನೆ. ಅವಳು ತಿದ್ದಿದ ಕಡೆ ತಿದ್ದುಪಡಿಯನ್ನೂ ಇಡುತ್ತೇನೆ.

ಕ್ಯಾತ್ಸಂದ್ರ

ನಮ್ಮ ಕಾಫಿ ಅಂಗಡಿ ತುಮಕೂರಿನ ಅಂಚಿನ ಕ್ಯಾತ್ಸಂದ್ರದಲ್ಲಿ ಹೆದ್ದಾರಿಯ ಪಕ್ಕಕ್ಕಿದೆ. ಬೆಳಿಗ್ಗೆ ರೈಲಿಗೆ ಓಡುವವರು, ಆಮೇಲೆ ಮಠಕ್ಕೆ ಹೋಗುವವರು, ಹೊತ್ತೇರಿದ ಮೇಲೆ ಹಾಸ್ಟೆಲ್ ಹುಡುಗರು. ಭಾವ ಗಲ್ಲಾದಲ್ಲಿ ಕೂರುತ್ತಾರೆ. ನನ್ನ ಗಂಡ ಹಾಲು, ಪುಡಿ, ಸಾಮಾನು ನೋಡಿಕೊಳ್ಳುತ್ತಾರೆ. ಕಾಫಿ ಬೆರೆಸುವುದು ಗಿರಿಜಕ್ಕ. ಇಪ್ಪತ್ತು ಹೆಜ್ಜೆ ದೂರದಲ್ಲಿ ಮತ್ತೊಂದು ಅಂಗಡಿ ಇದ್ದರೂ ಜನ ಇಲ್ಲಿಗೆ ಬರುವುದು ಅವಳ ಡಿಕಾಕ್ಷನ್ನಿಗೆ. ಫಿಲ್ಟರಿನ ಮುಚ್ಚಳ ತೆಗೆದು ಮುಖವನ್ನು ಒಮ್ಮೆ ಅದರ ಮೇಲೆ ತಂದಳೆಂದರೆ, ಇವತ್ತು ಹಾಲು ಎಷ್ಟು ಎಂಬುದು ತೀರ್ಮಾನವಾಗುತ್ತಿತ್ತು.

ಜ್ವರದ ನಂತರವೂ ಅವಳು ಮುಚ್ಚಳ ತೆಗೆದು ಮುಖ ತರುವುದನ್ನು ಬಿಡಲಿಲ್ಲ. ಅದು ಬರೀ ತೋರಿಕೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

"ಭಾವಂಗೆ ಹೇಳ್ಬಿಡಕ್ಕ" ಎಂದಿದ್ದೆ.

"ಹೇಳಿದ್ರೆ ಏನಂತಾರೆ ಗೊತ್ತಾ? 'ಸಾಕು ಬುಡು ಗಿರಿಜಾ, ಗಲ್ಲಾ ಮೇಲೆ ಕೂತ್ಕೋ' ಅಂತಾರೆ. ಮನುಷ್ಯ ಒಳ್ಳೇರು ಕಣೇ, ಅದಕ್ಕೇ ಹಂಗಂತಾರೆ. ಕೆಟ್ಟೋರಾಗಿದ್ರೆ ಜಗಳ ಆಡ್ಬೋದಿತ್ತು."

ಹಾಗಾಗಿ ನಾವೇ ಒಂದು ದಾರಿ ಮಾಡಿಕೊಂಡೆವು. ಬೆಳಗಿನ ಮೊದಲ ಕಾಫಿಯನ್ನು ಅವಳು ಬೈ ಟು ಮಾಡುತ್ತಿದ್ದಳು. ಒಂದು ಕಾಫಿ, ಎರಡು ಲೋಟ. ಓರಗಿತ್ತಿಯರು ಬೈ ಟು ಕುಡಿದರೆ ಯಾರು ತಲೆ ಎತ್ತಿ ನೋಡುತ್ತಾರೆ? ನಾನು ನನ್ನ ಅರ್ಧ ಕುಡಿದು, ಸರಿಯಾಗಿದ್ದರೆ ನನ್ನ ಲೋಟವನ್ನು ಅವಳ ಲೋಟದೊಳಕ್ಕೆ ಇಡುತ್ತಿದ್ದೆ. ಸ್ಟೀಲಿನ ಲೋಟ ಟಣ್ಣೆಂದರೆ ಅಂಗಡಿ ಶುರು.

ಆಮೇಲೆ ಹಾಸ್ಟೆಲ್ ಹುಡುಗರು ಕ್ಯಾಪುಚಿನೊ ಕೇಳತೊಡಗಿದರು, ಭಾವ ಬೆಂಗಳೂರಿನ ಕಂಪನಿಯೊಂದರಿಂದ ಇಟಲಿಯ ಯಂತ್ರ ತರಿಸಲು ಒಪ್ಪಿದರು. ಯಂತ್ರ ಕೊಂಡವರಿಗೆ ಟ್ಯೂರಿನ್ನಿನ ಶಾಲೆಯಲ್ಲಿ ಒಂದು ವಾರ ತರಬೇತಿ. ಅಕ್ಕನಿಗೆ ಆ ಯಂತ್ರದ ಮೇಲೆ ಬಹಳ ಆಸೆಯಿತ್ತು. ಮುಳ್ಳಿದೆ, ಗಡಿಯಾರವಿದೆ, ತೂಕವಿದೆ. ಮೂಗು ಬೇಡದ ಕಾಫಿ ಎಂದುಕೊಂಡಿದ್ದಳು. "ಗಡಿಯಾರ ನೋಡಕ್ಕೆ ನಂಗೆ ಬರ್ತದಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅಲ್ಲಿಂದ ಕಲಿತು ಬಂದರೆ ಒಲೆಯ ಮುಂದಿನ ಜಾಗ ಅವಳದೇ. ಇಲ್ಲದಿದ್ದರೆ ಗಲ್ಲಾ.

ವಿಮಾನ ನಿಲ್ದಾಣ

ಅಕ್ಕ ಕೈಚೀಲದಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಪೂಜೆಯಾಗದೆ ಅವಳು ಕಾಫಿಯನ್ನೂ ಮುಟ್ಟುವುದಿಲ್ಲ. ದಾರಿಯಲ್ಲಿ ವಿಮಾನ ಬದಲಿಸುವ ಊರಿನಲ್ಲಿ ಚೀಲವನ್ನು ಯಂತ್ರದೊಳಗೆ ಬಿಟ್ಟಾಗ ಒಬ್ಬ ಅಧಿಕಾರಿ ಅದನ್ನು ಪಕ್ಕಕ್ಕೆಳೆದ. ಬಿಳಿಯ ಗಟ್ಟಿಯನ್ನು ಕೈಗವಸಿನಲ್ಲಿ ಹಿಡಿದು ತಿರುಗಿಸಿದ, ಬೆರಳ ತುದಿಯಿಂದ ಕೆರೆದ, ಕೊನೆಗೆ ಮೂಗಿನ ಹತ್ತಿರ ತಂದು ಮೂಸಿದ.

ನಮ್ಮ ಜೊತೆ ಕಂಪನಿ ಕಡೆಯಿಂದ ಬಂದಿದ್ದ ಪ್ರಶಾಂತ್ ಎಂಬ ಹುಡುಗ ಇಂಗ್ಲಿಷಿನಲ್ಲಿ ಏನೇನೋ ವಿವರಿಸುತ್ತಿದ್ದ. ಅಧಿಕಾರಿ ಅಕ್ಕನ ಹಣೆಯ ಮೂರು ಗೆರೆ ನೋಡಿದ, ಕೈಯಲ್ಲಿದ್ದ ಗಟ್ಟಿ ನೋಡಿದ, ತಿಳಿಯಿತು ಎಂಬಂತೆ ತಲೆಯಾಡಿಸಿ ವಾಪಸ್ ಕೊಟ್ಟ.

ಅಕ್ಕ ಅಲ್ಲಿಂದ ಕದಲಲಿಲ್ಲ. "ಏನ್ ಬಂತಂತೆ ಕೇಳೋ" ಎಂದಳು ಪ್ರಶಾಂತನಿಗೆ.

"ಯಾತ್ರುದ್ದು ಅಕ್ಕ?"

"ಮೂಸಿದ್ನಲ್ಲಪ್ಪ. ಅವನ ಮೂಗಿಗೆ ಏನ್ ಬಂತು?"

ಪ್ರಶಾಂತ್ ನಕ್ಕುಬಿಟ್ಟ. ಅಕ್ಕ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ನಾನು ಅವಳ ತೋಳು ಹಿಡಿದು ಮುಂದೆ ಕರೆದುಕೊಂಡು ಹೋದೆ.

ಟ್ಯೂರಿನ್, ಬಸವಣ್ಣನ ಬಾಯಿ

ಟ್ಯೂರಿನ್ನಿನ ಬೀದಿಗಳಲ್ಲಿ ಹಸಿರು ಬಣ್ಣದ ಕಬ್ಬಿಣದ ಗಿಡ್ಡ ಕಂಬಗಳಿವೆ. ಒಂದೊಂದರಲ್ಲೂ ಒಂದು ಎತ್ತಿನ ಮುಖ. ಬಾಯಿಂದ ಹಗಲೂ ಇರುಳೂ ನೀರು ಸುರಿಯುತ್ತಿರುತ್ತದೆ. ಆ ಊರಿನ ಹೆಸರೂ ಹೋರಿಯದೇ ಅಂತೆ. ಪ್ರಶಾಂತ್ ಹೇಳಿದ್ದು.

ಮೊದಲ ಬೆಳಿಗ್ಗೆ ಕಂಬ ಕಂಡದ್ದೇ ಅಕ್ಕ ನಿಂತುಬಿಟ್ಟಳು. "ಬಸವಣ್ಣ ಕಣೇ!" ಚಪ್ಪಲಿ ಕಳಚಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪಕ್ಕದಲ್ಲಿ ನಾಯಿಗೆ ನೀರು ಕುಡಿಸುತ್ತಿದ್ದ ಮುದುಕರೊಬ್ಬರು ನಾಯಿಯನ್ನು ಹಿಂದಕ್ಕೆಳೆದು ಕಾದರು. ಅಂದಿನಿಂದ ಅವಳ ಪೂಜೆಗೆ ನೀರು ಅಲ್ಲಿಂದಲೇ. ಲೋಟ ಹಿಡಿದು, ಸೆರಗಿನ ಮೇಲೆ ಕೋಟು ಹಾಕಿಕೊಂಡು, ಕಮಾನುಗಳ ಕೆಳಗೆ ನಡೆದು ಹೋಗಿ ತರುತ್ತಿದ್ದಳು.

ಇಲ್ಲಿ ಅಕ್ಕನ ತಿದ್ದುಪಡಿ: ಚಪ್ಪಲಿಯಲ್ಲ, ಬೂಟು. ಆ ಚಳಿಯಲ್ಲಿ ಚಪ್ಪಲಿ ಎಲ್ಲಿತ್ತು? ನನ್ನ ಕಣ್ಣಿಗೆ ಮಾತ್ರ ಅವಳು ಇವತ್ತಿಗೂ ಚಪ್ಪಲಿಯನ್ನೇ ಕಳಚುತ್ತಿದ್ದಾಳೆ. ಗೂಳೂರಿನ ಗುಡಿಯ ಮುಂದೆ ಕಂಡ ಯಾವುದೋ ದಿನವನ್ನು ತೆಗೆದು ಇಲ್ಲಿ ಅಂಟಿಸಿಕೊಂಡಿದ್ದೇನೆ ಅಂತ ಕಾಣುತ್ತದೆ.

ಅಲ್ಲಿಯವರು ಕಾಫಿ ಕುಡಿಯುವುದನ್ನು ನೋಡಿ ನನಗೆ ದಿಗಿಲಾಯಿತು. ನಿಂತೇ ಕುಡಿಯುತ್ತಾರೆ, ಅದು ನಮ್ಮಂತೆಯೇ. ಆದರೆ ಮುಷ್ಟಿಯಲ್ಲಿ ಅಡಗುವಷ್ಟು ಪುಟ್ಟ ಕಪ್ಪು, ತಳದಲ್ಲಿ ಎರಡು ಗುಟುಕು. ಮೊದಲು ನೀರು ಕುಡಿದು ಬಾಯಿ ತೊಳೆದುಕೊಂಡು, ಕಾಫಿಯನ್ನು ಔಷಧಿಯಂತೆ ಎತ್ತಿ ಮುಗಿಸಿ, ಹೊರಟುಬಿಡುತ್ತಾರೆ. ಮಾತಿಗೆ ಅಲ್ಲಿ ಜಾಗವೇ ಇಲ್ಲ. ನಮ್ಮಲ್ಲಿ ಅರ್ಧ ಲೋಟ ಕಾಫಿಗೆ ತಾಲ್ಲೂಕು ರಾಜಕೀಯವೆಲ್ಲ ಮುಗಿಯಬೇಕು.

"ನಿಮ್ ಗುಬ್ಬಿಯೋರಿಗೆ ಆಗಲ್ಲ ಬುಡು ಇದು" ಎಂದಳು ಅಕ್ಕ. ನನ್ನ ತವರು ಗುಬ್ಬಿ, ಅವಳದು ಕುಣಿಗಲ್. "ಲೋಟ ಇಡೋ ಹೊತ್ಗೆ ನೀವಿನ್ನೂ ಯಾರ್ ಮದ್ವೆ ಅಂತ ಶುರು ಮಾಡಿರ್ತೀರಾ."

"ಕುಣಿಗಲ್‌ನೋರು ಭಾರಿ ಮೌನಿಗಳು ಪಾಪ" ಎಂದೆ.

ಶಾಲೆ

ಶಾಲೆ ಎಂದರೆ ಒಂದು ಉದ್ದದ ಕೋಣೆ, ಗೋಡೆಗುಂಟ ಯಂತ್ರಗಳು. ಕಲಿಸುವವರು ಲೋರೆದಾನಾ ಎಂಬ ಹೆಂಗಸು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಬೇಕಾದಾಗಲೆಲ್ಲ ಅದನ್ನೇ ಹುಡುಕುತ್ತಿದ್ದರು. ಅವರ ಇಂಗ್ಲಿಷನ್ನು ಪ್ರಶಾಂತ್ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ.

ಮೊದಲು ಎಸ್ಪ್ರೆಸೊ. ಹಿಡಿಕೆಯ ಬಟ್ಟಲಿಗೆ ಪುಡಿ ತುಂಬಬೇಕು, ಸಮನಾಗಿ ಒತ್ತಬೇಕು, ಯಂತ್ರಕ್ಕೆ ಸಿಕ್ಕಿಸಬೇಕು, ಗುಂಡಿ ಒತ್ತಬೇಕು. ಹಿಡಿಕೆಯ ಕೆಳಗೆ ಎರಡು ಮೂತಿಗಳಿವೆ. ಒಂದೇ ಬಟ್ಟಲಿನ ಕಾಫಿ ಎರಡು ಧಾರೆಯಾಗಿ ಎರಡು ಕಪ್ಪಿಗೆ ಇಳಿಯುತ್ತದೆ.

ಅಕ್ಕ ಬಗ್ಗಿ ನೋಡಿದಳು. ನನ್ನ ಕಡೆ ತಿರುಗಿದಳು. "ಲೇ ಉಮಾ, ಇವರ ಮಿಷನ್ನೇ ಬೈ ಟು ಮಾಡ್ತದಲ್ಲೇ!"

ಇಟಲಿಯಲ್ಲಿ ಅವಳು ಬಾಯಿ ತುಂಬ ನಕ್ಕಿದ್ದು ಅದೊಂದೇ ಸಲ ಎಂದು ಬರೆದಿದ್ದೆ. ಅಕ್ಕ ಒಪ್ಪುವುದಿಲ್ಲ. ಬಹಳ ಸಲ ನಕ್ಕಿದ್ದೆ, ನೀನು ನೋಡಿಲ್ಲ ಎನ್ನುತ್ತಾಳೆ.

ಧಾರೆ ಹೇಗಿರಬೇಕೆಂದು ಲೋರೆದಾನಾ ಹೇಳಿದರು. ಇಲಿಯ ಬಾಲದಂತೆ ಇರಬೇಕು. ಮೇಲೆ ದಪ್ಪ, ಕೆಳಗೆ ಸಣ್ಣ, ತುದಿಯಲ್ಲಿ ಸ್ವಲ್ಪ ಕೊಂಕು. ಬೆಳ್ಳಗೆ ಸರ್ರನೆ ಇಳಿದರೆ ಪುಡಿ ದಪ್ಪವಾಯಿತು, ಕಾಫಿ ಹುಳಿ. ಕರ್ರಗೆ ತೊಟ್ಟು ತೊಟ್ಟಾಗಿ ಬಿದ್ದರೆ ಪುಡಿ ನುಣ್ಣಗಾಯಿತು, ಕಹಿ. ಅಕ್ಕನ ಮುಖ ಅರಳಿತು. ಬಾಲ ನೋಡಲು ಮೂಗು ಬೇಡ.

ಹಾಲಿನಲ್ಲಿ ಅವಳ ಧೈರ್ಯ ಇನ್ನೂ ಹೆಚ್ಚಿತು. ಹಬೆಯ ಕೊಳವೆ ಹಾಲಿನ ಮೇಲ್ಮೈ ತಾಗಿದಾಗ ಕಾಗದ ಹರಿದಂಥ ಸದ್ದು ಬರುತ್ತದೆ. ಕೊಳವೆಯನ್ನು ಸ್ವಲ್ಪ ಒಳಕ್ಕೆ ತಳ್ಳಿದರೆ ಸದ್ದು ಅಡಗಿ ಹಾಲು ಸುಳಿಯಾಗಿ ತಿರುಗುತ್ತದೆ. ಜಗ್ಗು ಅಂಗೈ ತಡೆಯದಷ್ಟು ಬಿಸಿಯಾದಾಗ ನಿಲ್ಲಿಸಬೇಕು. ಎಸ್ಪ್ರೆಸೊ ಮೇಲೆ ಆ ನೊರೆ ಒಂದು ಚಮಚ ಬಿದ್ದರೆ ಮಕ್ಕಿಯಾತೊ. ಬಟ್ಟೆಗೆ ಬೀಳುವ ಕಲೆ ಅಂತ ಅರ್ಥವಂತೆ. ಕಪ್ಪು ತುಂಬ ಸುರಿದರೆ ಕ್ಯಾಪುಚಿನೊ. ಅಲ್ಲಿಯ ಸನ್ಯಾಸಿಗಳ ಕಂದು ನಿಲುವಂಗಿಯಿಂದ ಬಂದ ಹೆಸರು. ಅದನ್ನು ಕೇಳಿದ ಮೇಲೆ ಅಕ್ಕ ಕ್ಯಾಪುಚಿನೊವನ್ನು 'ಸ್ವಾಮಿಗಳ ಕಾಫಿ' ಎಂದೇ ಕರೆದಳು.

ಎರಡು ಮೂತಿಯಿಂದ ಇಳಿದ ಎರಡು ಕಪ್ಪುಗಳಲ್ಲಿ ಒಂದು ನನಗೆ, ಒಂದು ಅವಳಿಗೆ. ನಾನು ಕುಡಿದು, ಸರಿಯಿದ್ದರೆ ನನ್ನ ಕಪ್ಪನ್ನು ಅವಳ ಕಪ್ಪಿನ ಮೇಲೆ ಇಡುತ್ತಿದ್ದೆ. ಪಿಂಗಾಣಿ ಕಪ್ಪುಗಳು ಒಂದರೊಳಗೊಂದು ಕೂರಲಿಲ್ಲ. ಅಲ್ಲಾಡುತ್ತಾ ನಿಲ್ಲುತ್ತಿದ್ದವು. ಲೋರೆದಾನಾ ಎರಡು ಮೂರು ಸಲ ಅದನ್ನು ನೋಡಿದರು.

ಕೊಳಕು ಹಿಡಿಕೆ

ಒಂದು ಬೆಳಿಗ್ಗೆ ಯಂತ್ರ ತೊಳೆಯುವ ಪಾಠ. ನಮ್ಮ ಜೊತೆ ಬೇರೆ ದೇಶಗಳ ಮೂವರಿದ್ದರು. ಲೋರೆದಾನಾ ನಮ್ಮನ್ನೆಲ್ಲ ದೂರ ದೂರ ನಿಲ್ಲಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಎಸ್ಪ್ರೆಸೊ ಇಟ್ಟರು. ಅದು ಬೇಕೆಂದೇ ಬಹಳ ದಿನ ತೊಳೆಯದೆ ಬಿಟ್ಟ ಹಿಡಿಕೆಯಲ್ಲಿ ತೆಗೆದದ್ದು ಎಂದು ಆಮೇಲೆ ತಿಳಿಯಿತು. ನೋಡಲು ಏನೂ ಕುಂದಿರಲಿಲ್ಲ. ಬಣ್ಣ ಸರಿ, ಮೇಲಿನ ಕೆನೆ ಸರಿ, ಧಾರೆಯೂ ಇಲಿಯ ಬಾಲದಂತೆಯೇ ಇಳಿದಿತ್ತು.

ಕಪ್ಪು ಎತ್ತಿದಾಗ ಏನು ಬಂತೆಂದು ಈ ಬರಹದಲ್ಲಿ ಹೇಳುವಂತಿಲ್ಲ. ಮುಖಗಳನ್ನು ಹೇಳುತ್ತೇನೆ. ನನ್ನ ಪಕ್ಕದವನು ತುಟಿಗೆ ತಂದದ್ದನ್ನು ಹಾಗೇ ಕೆಳಗಿಟ್ಟ. ಆಚೆಯವಳು ಮುಖ ಹಿಂಡಿ ತಿರುಗಿದಳು. ಪ್ರಶಾಂತ್ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಲು ಓಡಿದ. ನಾನು ಕಪ್ಪನ್ನು ಮೇಜಿನ ಮೇಲಿಟ್ಟು ಅಕ್ಕನ ಕಡೆ ನೋಡಿದೆ.

ಅವಳು ಪೂರ್ತಿ ಕುಡಿದು ಮುಗಿಸಿದ್ದಳು. ಬಾಯೊರೆಸಿಕೊಂಡು, ಅಲ್ಲಿ ಕಲಿತಿದ್ದ ಒಂದೇ ಮಾತನ್ನು ಹೇಳಿದಳು.

"ಬುವೊನೊ." ಚೆನ್ನಾಗಿದೆ ಎಂದು.

ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಅಕ್ಕ ಒಬ್ಬೊಬ್ಬರ ಮುಂದಿನ ಕಪ್ಪನ್ನೂ ನೋಡಿದಳು. ಎಲ್ಲವೂ ತುಂಬಿದ್ದವು.

ಆ ಗಳಿಗೆಯಲ್ಲಿ ಅವಳು ನನ್ನನ್ನು ನೋಡಿದಳು ಎಂದು ನನ್ನ ನೆನಪು. ಇಲ್ಲ ಎನ್ನುತ್ತಾಳೆ ಅವಳು. "ನಿನ್ ಕಡೆ ನೋಡ್ಲಿಲ್ಲ ಕಣೇ. ನೋಡಿದ್ರೆ ಅತ್ತುಬಿಡ್ತಿದ್ದೆ. ಆ ಹೆಂಗಸಿನ ಕನ್ನಡಕ ನೋಡ್ತಾ ನಿಂತಿದ್ದೆ."

ಬೈ ಟು

ಆ ಸಂಜೆ ನದಿಯ ಸೇತುವೆವರೆಗೂ ನಡೆದೆವು. ಕುಣಿಗಲ್ ಕೆರೆ ಏರಿ ಮೇಲೆ ನಿಂತಂಗದೆ ಎಂದು ಹಿಂದಿನ ದಿನ ಇದೇ ಜಾಗದಲ್ಲಿ ಹೇಳಿದ್ದವಳು ಈಗ ನೀರಿನ ಕಡೆಗೂ ನೋಡಲಿಲ್ಲ. ವಾಪಸ್ ಬರುವಾಗ ಮೂಲೆಯ ಒಂದು ಪುಟ್ಟ ಕಾಫಿ ಅಂಗಡಿಗೆ ತಾನೇ ನುಗ್ಗಿದಳು.

"ಒಂದ್ ಸ್ವಾಮಿಗಳ ಕಾಫಿ ಹೇಳು. ಬೈ ಟು."

ಅಲ್ಲಿ ಹೊತ್ತು ಏರಿದ ಮೇಲೆ ಕ್ಯಾಪುಚಿನೊ ಕುಡಿಯುವವರೇ ಇಲ್ಲ. ಸಾಲದ್ದಕ್ಕೆ ಇನ್ನೊಂದು ಖಾಲಿ ಕಪ್ಪು ಬೇಕೆಂದು ಕೈಸನ್ನೆ ಮಾಡಿದೆ. ಕೌಂಟರಿನವನು ಹುಬ್ಬೇರಿಸಿ ತಂದಿಟ್ಟ. ಅಕ್ಕ ತುಂಬಿದ ಕಪ್ಪನ್ನು ಎತ್ತಿ, ಊರಿನಲ್ಲಿ ಮಾಡುವಂತೆ, ಕೈ ಚಾಚಿ ಮೇಲಿನಿಂದ ಇನ್ನೊಂದಕ್ಕೆ ಹೊಯ್ದಳು. ಕೌಂಟರಿನವನು "ನೋ, ನೋ, ಸಿನ್ಯೋರಾ!" ಎಂದು ಎರಡೂ ಕೈ ಮುಂದೆ ತಂದ. ಅಷ್ಟರಲ್ಲಿ ಆಗಿಹೋಗಿತ್ತು.

ನಮ್ಮ ಕಾಫಿ ಎತ್ತಿ ಹೊಯ್ದಷ್ಟೂ ನೊರೆ ಏಳುತ್ತದೆ. ಅವರ ಕಾಫಿಯಲ್ಲಿ ನೊರೆ ಹಿಂದೆಯೇ ಉಳಿದು, ಕಾಫಿ ಮಾತ್ರ ಜಾರಿ ಹೋಯಿತು. ಒಂದು ಕಪ್ಪಿನಲ್ಲಿ ಬರೀ ನೊರೆ, ಇನ್ನೊಂದರಲ್ಲಿ ಬೋಳು ಕಾಫಿ.

ಅಕ್ಕ ಕಾಫಿಯ ಕಪ್ಪನ್ನು ನನ್ನ ಕಡೆ ಸರಿಸಿ, ನೊರೆಯ ಕಪ್ಪನ್ನು ತಾನಿಟ್ಟುಕೊಂಡಳು. ಚಮಚದಿಂದ ತಿನ್ನುತ್ತಾ ಕೇಳಿದಳು.

"ಬೆಳಿಗ್ಗೆ ಅದು ಅಷ್ಟೊಂದ್ ಕೆಟ್ಟಿತ್ತಾ?"

"ಹೂಂ ಅಕ್ಕ."

"ಊರಲ್ಲಿ ಯಾವತ್ತಾದ್ರೂ ಹಂಗಾಗಿತ್ತಾ? ನನ್ ಕಾಫಿ?"

ನಾನು ಯೋಚಿಸಿದೆ. ಜ್ವರದ ನಂತರ ಇಷ್ಟು ಕಾಲದಲ್ಲಿ ಒಂದು ಬೆಳಿಗ್ಗೆಯಾದರೂ ಡಿಕಾಕ್ಷನ್ ಕೆಟ್ಟಿರಲೇಬೇಕು. ಹಳೆಯ ಪುಡಿ, ಒಡೆಯುವಂತಿದ್ದ ಹಾಲು, ಏನಾದರೊಂದು. ಆದರೆ ಅಂಥ ಒಂದು ದಿನವೂ ನನಗೆ ನೆನಪಾಗಲಿಲ್ಲ. ನೆನಪಿನಲ್ಲಿ ಎಲ್ಲ ಬೆಳಿಗ್ಗೆಗಳೂ ಟಣ್ಣೆಂದೇ ಮುಗಿಯುತ್ತಿದ್ದವು. ಹಾಗಿರಲು ಸಾಧ್ಯವಿಲ್ಲ. ಇವತ್ತಿಗೂ ನನ್ನ ಅನುಮಾನ ಅದೇ.

"ಗೊತ್ತಿಲ್ಲಕ್ಕ" ಎಂದೆ.

ಅವಳು ನೊರೆ ಮುಗಿಸಿದಳು. ತನ್ನ ಕಪ್ಪನ್ನು ನನ್ನ ಕಪ್ಪಿನ ಮೇಲೆ ಇಡಲಿಲ್ಲ, ನಾನೂ ಇಡಲಿಲ್ಲ.

ಕೊನೆಯ ಪಾಠ

ಮರುದಿನ ಎಲ್ಲರೂ ಬರುವ ಮೊದಲೇ ಅಕ್ಕ ಪ್ರಶಾಂತನನ್ನು ಎಳೆದುಕೊಂಡು ಲೋರೆದಾನಾ ಮುಂದೆ ನಿಂತಳು.

"ನಂಗೆ ವಾಸ್ನೆ ಬರಲ್ಲ ಅಂತ ಹೇಳಪ್ಪ. ಏನೂ ಬರಲ್ಲ ಅಂತ."

ಪ್ರಶಾಂತ್ ನನ್ನ ಮುಖ ನೋಡಿದ. "ನಿಜಾನಾ? ವಿಭೂತಿ... ಏರ್‌ಪೋರ್ಟಲ್ಲಿ ನಾನು ನಕ್ಕಿದ್ನಲ್ಲಕ್ಕ."

"ಆಯ್ತು ಬುಡು. ಈಗ ಹೇಳು."

ಅವನು ಹೇಳಿದ. ಲೋರೆದಾನಾ ಕನ್ನಡಕವನ್ನು ತಲೆಯಿಂದ ಇಳಿಸಿ ಕಣ್ಣಿಗೆ ಹಾಕಿಕೊಂಡು ಅಕ್ಕನನ್ನು ನೋಡಿದರು. ಅಯ್ಯೋ ಎನ್ನಲಿಲ್ಲ. ಬೆನ್ನು ಸವರಲಿಲ್ಲ. ನಿಮ್ಮ ಅಂಗಡಿಯಲ್ಲಿ ಮೂಗು ಯಾರದು ಎಂದು ಕೇಳಿದರು.

ಅಕ್ಕ ಗದ್ದದಿಂದ ನನ್ನನ್ನು ತೋರಿಸಿದಳು. ಲೋಟದ ಗುರುತನ್ನು ನಾನೇ ವಿವರಿಸಿದೆ. ಸರಿಯಿದ್ದರೆ ನನ್ನ ಲೋಟ ಇವಳ ಲೋಟದೊಳಗೆ. ಅಷ್ಟೇ. ಲೋರೆದಾನಾ ಕೇಳಿಸಿಕೊಂಡರು. ಅಲ್ಲಾಡುತ್ತಾ ನಿಲ್ಲುತ್ತಿದ್ದ ಕಪ್ಪುಗಳು ಈಗ ಅವರಿಗೆ ಅರ್ಥವಾದವು ಅಂತ ಕಾಣುತ್ತದೆ. ಇನ್ನೊಂದು ಪ್ರಶ್ನೆ ಕೇಳಿದರು. ಪ್ರಶಾಂತ್ ಅದನ್ನು ಕನ್ನಡಕ್ಕೆ ತಂದ.

"ಸರಿ ಇಲ್ದಿದ್ರೆ ಏನ್ ಗುರುತು ಅಂತ ಕೇಳ್ತಿದಾರೆ."

ನಾನು ಅಕ್ಕನನ್ನು ನೋಡಿದೆ, ಅಕ್ಕ ನನ್ನನ್ನು. ಅದಕ್ಕೆ ನಾವು ಗುರುತು ಮಾಡಿಕೊಂಡೇ ಇರಲಿಲ್ಲ.

ಲೋರೆದಾನಾ ಉತ್ತರಕ್ಕೆ ಕಾಯಲಿಲ್ಲ. ಇಬ್ಬರನ್ನೂ ಒಂದೇ ಯಂತ್ರದ ಮುಂದೆ ನಿಲ್ಲಿಸಿದರು. ಅಕ್ಕ ತೆಗೆಯಬೇಕು, ನಾನು ಕುಡಿದು ಬಾಯಿಬಿಟ್ಟು ಹೇಳಬೇಕು. ಇಡೀ ದಿನ ಅದೇ. ಮೊದಮೊದಲು ನನ್ನ ಬಾಯಿಂದ "ಪರವಾಗಿಲ್ಲ", "ನಡೀತದೆ" ಎಂಬ ಮಾತುಗಳೇ ಬಂದವು. ಪ್ರಶಾಂತ್ ಅವನ್ನು ಇಂಗ್ಲಿಷಿಗೆ ತರಲಾಗದೆ ಒದ್ದಾಡಿದ. ಲೋರೆದಾನಾ ತಲೆಯಾಡಿಸಿ ಕಪ್ಪನ್ನು ವಾಪಸ್ ನನ್ನ ಮುಂದಿಡುತ್ತಿದ್ದರು. ಸಂಜೆಯ ಹೊತ್ತಿಗೆ ನನ್ನ ನಾಲಿಗೆ ಮರಗಟ್ಟಿತ್ತು, ಅಕ್ಕನ ಅಂಗೈ ಕೆಂಪಾಗಿತ್ತು.

"ಚೆನ್ನಾಗಿಲ್ಲ ಅನ್ನಕ್ಕೆ ಇಷ್ಟ್ ದೂರ ಬರ್ಬೇಕಾಯ್ತಾ ನಿಂಗೆ?" ಎಂದಳು.

ತುಮಕೂರಿನಲ್ಲಿ ಅದನ್ನು ಹೇಳುವುದು ಬೇರೆ ಮಾತು. ಅಲ್ಲಿ ಎದುರಿಗಿರುವವರು ಗಿರಾಕಿಗಳು, ಪಕ್ಕದಲ್ಲಿ ಭಾವ. ಅದು ಇಬ್ಬರಿಗೂ ಗೊತ್ತಿತ್ತು. ವಿಮಾನದಲ್ಲಿ ನಾವು ಅದರ ಬಗ್ಗೆ ಮಾತಾಡಿಕೊಂಡೆವೋ ಇಲ್ಲವೋ, ಇಬ್ಬರಿಗೂ ನೆನಪಿಲ್ಲ.

ಮತ್ತೆ ಕ್ಯಾತ್ಸಂದ್ರ

ಯಂತ್ರ ಬಂದು ಕೂತಿತು. ಮೊದಲ ಬೆಳಿಗ್ಗೆ ಭಾವ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಗಲ್ಲಾದಲ್ಲಿ ಕೂತರು. ಬೆಳ್ಳಾವಿಯಿಂದ ಬರುವ ಮೇಷ್ಟ್ರು ಸಾಲಿನಲ್ಲಿ ಮುಂದಿದ್ದರು. ಹಿಂದೆ ರೈಲಿಗೆ ಹೋಗುವವರು, ಕೆಲವು ಹಾಸ್ಟೆಲ್ ಹುಡುಗರು.

"ಏನಮ್ಮ ಗಿರಿಜಮ್ಮ, ಇಟಲಿ ಕಾಫಿ ಕುಡಿಯಕ್ಕೆ ನಾವು ಇನ್ಮೇಲೆ ಪ್ಯಾಂಟ್ ಹಾಕ್ಕೊಂಡ್ ಬರ್ಬೇಕಾ?" ಎಂದರು ಪಂಚೆಯ ಮೇಷ್ಟ್ರು.

ಅಕ್ಕ ನಕ್ಕು ಹಿಡಿಕೆ ಸಿಕ್ಕಿಸಿ ಎರಡು ಮೂತಿಯ ಕೆಳಗೆ ಎರಡು ಸ್ಟೀಲ್ ಲೋಟ ಇಟ್ಟಳು. ಧಾರೆ ಇಳಿಯಿತು. ಒಂದು ಲೋಟ ನನಗೆ ಕೊಟ್ಟಳು. ನಾನು ಕುಡಿದೆ. ಕೈ ತನ್ನಷ್ಟಕ್ಕೆ ಅವಳ ಲೋಟದ ಕಡೆ ಹೋಯಿತು. ಅವಳು ತನ್ನ ಲೋಟದ ಬಾಯಿಗೆ ಅಂಗೈ ಮುಚ್ಚಿದಳು.

"ಬಾಯ್ಬಿಟ್ಟು ಹೇಳೇ" ಎಂದಳು. ದನಿ ತಗ್ಗಿಸಲಿಲ್ಲ.

"ಚೆನ್ನಾಗಿಲ್ಲಕ್ಕ. ಸೀದಂಗೈತೆ."

ಗಲ್ಲಾ ಕಡೆಯಿಂದ ಚಿಲ್ಲರೆ ಸದ್ದು ನಿಂತಿತು. ಅಕ್ಕ ಎರಡೂ ಲೋಟ ಮೋರಿಗೆ ಚೆಲ್ಲಿದಳು. ಮೇಷ್ಟ್ರ ಕಡೆ ತಿರುಗಿದಳು.

"ಸ್ವಲ್ಪ ತಡೀರಿ ಮೇಷ್ಟ್ರೆ. ಜ್ವರ ಬಂದಾಗಿಂದ ನಂಗೆ ವಾಸ್ನೆ ಬರಲ್ಲ. ಇವಳು ಕುಡಿದು ಹೇಳ್ಬೇಕು, ನಾನು ಮಾಡ್ಬೇಕು. ಹಂಗೇ ಇನ್ಮೇಲೆ."

ಭಾವ ಎದ್ದು ಬಂದರು. ಮುಖದಲ್ಲಿ ಕೋಪವಿರಲಿಲ್ಲ, ಅಕ್ಕ ಹೆದರಿದ್ದ ಅದೇ ಒಳ್ಳೆಯತನವಿತ್ತು. "ಗಿರಿಜಾ, ಯಾಕೆ ಹೇಳ್ಲಿಲ್ಲ? ನೀನು ಬೇಕಾದ್ರೆ ಅಲ್ಲಿ..." ಎಂದು ಗಲ್ಲಾ ಕಡೆ ಕೈ ತೋರಿಸಿದರು.

"ಅಲ್ಲಿ ನೀವೇ ಕೂತ್ಕೊಳಿ. ಆ ಜಾಗ ನಿಮ್ದು" ಎಂದು ಅಕ್ಕ ಪುಡಿಯ ಯಂತ್ರದ ತಿರುಪನ್ನು ಒಂದು ಎಳೆಯಷ್ಟು ತಿರುಗಿಸಿದಳು. ಭಾವ ಹೋಗಿ ಕೂತರು.

ಎರಡನೆಯದು ಇಳಿಯಿತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅದೂ ಚೆನ್ನಾಗಿರಲಿಲ್ಲ. ಹಾಗೆಂದೇ ಹೇಳಿದೆ. ಅಕ್ಕ ಅದನ್ನೂ ಚೆಲ್ಲಿ, ಹಿಡಿಕೆ ಒರೆಸಿ, ಮೂರನೆಯದಕ್ಕೆ ಪುಡಿ ತುಂಬತೊಡಗಿದಳು.

ಸಾಲಿನಲ್ಲಿದ್ದವರು ಯಾರೂ ಕದಲಲಿಲ್ಲ ಎಂದು ಬರೆದು ಇಲ್ಲಿಗೆ ಮುಗಿಸಿದ್ದೆ. ಅಕ್ಕನಿಗೆ ಓದಿದೆ. ಅವಳು ಹಾಲಿನ ಜಗ್ಗಿನ ತಳಕ್ಕೆ ಅಂಗೈ ಒತ್ತಿ ಹಿಡಿದಿದ್ದಳು. ಹಬೆಯ ಸದ್ದು ಅಡಗಿತು.

"ಇಬ್ರು ಹೊಂಟೋದ್ರು ಕಣೇ" ಎಂದಳು ಆಮೇಲೆ. "ಪಕ್ಕದಂಗ್ಡಿಗೆ. ಅದನ್ನೂ ಬರಿ."